ವಿಶ್ವವಿದ್ಯಾನಿಲಯದ ರಂಗಮಂದಿರವೂ ಊರ ಜನರೂ

ವಿಶ್ವವಿದ್ಯಾನಿಲಯಕ್ಕೆ ಪುಸ್ತಕ ಭಂಡಾರ ಬೇಕು, ಪ್ರಯೋಗಶಾಲೆ ಬೇಕು ಎಂಬ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ರಂಗಮಂದಿರ ಏತಕ್ಕೆ ಎಂದು ಕೇಳಿದರೆ ಮಾತ್ರ ಉತ್ತರ ಒಡನೆಯೇ ಹೊರಡುವುದಿಲ್ಲ. ಪದವೀದಾನ ಸಮಾರಂಭಕ್ಕೆ ಎಂದು ಕೆಲವರು ಹೇಳುವರು. ವಿದ್ಯಾರ್ಥಿಗಳ ವಾರ್ಷಿಕೋತ್ಸವಕ್ಕೆ ಎಂದು ಮತ್ತೆ ಕೆಲವರು ಹೇಳುವರು. ಈ ಎರಡಕ್ಕೂ ಸೇರಿ ವರ್ಷದಲ್ಲಿ ಹತ್ತು ದಿನ ಸಾಕು. ಮಿಕ್ಕ ದಿನಗಳಲ್ಲಿ ಆ ಕಟ್ಟಡ ಯಾರದು? ಅದರ ಬೀಗದ ಕೈ ಯಾರ ಬಳಿ ಇರಬೇಕು? ಈ ದಿನ ನಾವು ವಿಚಾರಿಸಬೇಕೆಂದಿರುವುದು ಇದೇ ಪ್ರಶ್ನೆಯನ್ನು.

ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಆದರೆ ನಿಜವಾಗಿ ಸಣ್ಣದಲ್ಲ. ಇಂಥ ಕಟ್ಟಡಗಳು ಏಳುವುದು ಬಹುಮಟ್ಟಿಗೆ ಜನರು ಕೊಟ್ಟ ತೆರಿಗೆಯಿಂದ, ಇಲ್ಲವೆ ಉದಾರಿಗಳು ಲೋಕೋಪಕಾರಕ್ಕೆಂದು ಬಿಟ್ಟುಹೋದ ಹಣದಿಂದ. ಆದುದರಿಂದ ಊರಿನವರಿಗೂ ಅದರಲ್ಲಿ ಒಂದು ಹಕ್ಕುಂಟು ಎಂಬುದನ್ನು ಎಲ್ಲರೂ ಒಪ್ಪುವರು. ಆದರೆ ಆ ಹಕ್ಕು ಎಂಥದು? ಟಿಕೆಟು ಕೊಂಡು ಒಳಗೆ ಹೋಗಿ, ಕುಳಿತು, ಚಪ್ಪಾಳೆ ತಟ್ಟಿ ಬರುವಷ್ಟರದೆ? ಅಥವಾ ವೇದಿಕೆಯ ಕೆಲಸದಲ್ಲಿಯೇ ಪಾಲು ಪಡೆಯುವಂಥದೆ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಬಗೆಬಗೆಯಾಗಿ ಪರೀಕ್ಷಿಸಿ ನೋಡಿದ್ದಾರೆ. ಗೆದ್ದದ್ದೂ ಉಂಟು, ಎಡವಿದ್ದೂ ಉಂಟು. ಅಲ್ಲಿನ ನಾಲ್ಕು ಊರುಗಳ ವೃತ್ತಾಂತವನ್ನು ಮೊದಲು ನೋಡಿ, ತರುವಾಯ ನಮ್ಮ ನಾಡಿನ ಕಡೆಗೆ ತಿರುಗೋಣ.

ಮೊದಲನೆಯದು ಮಿಷಿಗನ್ ಸಂಸ್ಥಾನದ ಆನ್ ಆರ್ಬರ್ ಎಂಬ ಊರು. ಮಿಷಿಗನ್ ವಿಶ್ವವಿದ್ಯಾನಿಲಯ ಇರುವುದು ಇಲ್ಲಿಯೇ. ೧೮೭೯ರಲ್ಲಿ ಆ ಊರಿನ ಬೇರೆ ಬೇರೆ ಚರ್ಚುಗಳ ಗಾಯಕರೂ ವಿಶ್ವವಿದ್ಯಾನಿಲಯದ ಕೆಲವರೂ ಒಟ್ಟುಗೂಡಿ, ಹ್ಯಾಂಡೆಲ್ ರಚಿಸಿದ ‘ಮೆಸ್ಸೈಯ’ ಎಂಬ ದೊಡ್ಡ ಸಂಗೀತ ಕೃತಿಯ ವೃಂದಗಾನಗಳನ್ನು ಹಾಡಲು ಆರಂಭಿಸಿದರು. ಇದಕ್ಕೆ ಮುಂದಾಳಾಗಿದ್ದವರು ಲ್ಯಾಟಿನ್ ಪ್ರಾಧ್ಯಾಪಕ ಹೆನ್ರಿ ಸಿಮನ್ಸ್ ಫ್ರೀಜ್. ಒಂದೊಂದು ಚರ್ಚಿಗೂ ತನ್ನದೇ ಪಂಥ, ತನ್ನದೇ ಗಾಯಕವೃಂದ. ಪ್ರಾರ್ಥನೆಗೆ ಒಂದೆಡೆ ಸೇರದವರು ಹಾಡಿಗೆ ಒಂದೆಡೆ ಸೇರಿದರು. ಅದರಿಂದಲೇ ಮರುವರ್ಷ ‘ಯೂನಿವರ್ಸಿಟಿ ಮ್ಯೂಸಿಕಲ್ ಸೊಸೈಟಿ’ ಎಂಬ ಸಂಘ ಹುಟ್ಟಿತು. ೧೮೯೪ರಲ್ಲಿ ವಸಂತಕಾಲದ ಸಂಗೀತೋತ್ಸವವೊಂದು ಮೊದಲಾಗಿ, ನೂರು ವರ್ಷ ನಡೆದು ಬಂದಿತು.

ಹೀಗೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಾಡಿಕೊಂಡು ಬಂದ ಮೇಲೆಯೇ ಅವರಿಗೆ ತಕ್ಕ ಸಭಾಮಂದಿರ ದೊರಕಿದ್ದು. ಮರದ ವ್ಯಾಪಾರದಲ್ಲಿ ಸಂಪತ್ತು ಗಳಿಸಿದ್ದ ಆರ್ಥರ್ ಹಿಲ್ ಎಂಬ ಹಳೆಯ ವಿದ್ಯಾರ್ಥಿ ತಮ್ಮ ಮರಣಶಾಸನದಲ್ಲಿ ಇದಕ್ಕಾಗಿ ೨ ಲಕ್ಷ ಡಾಲರುಗಳನ್ನು ಬಿಟ್ಟಿದ್ದರು. ಆಲ್ಬರ್ಟ್ ಕಾಹ್ನ್ ಎಂಬ ಪ್ರಸಿದ್ಧ ಶಿಲ್ಪಿಯ ವಿನ್ಯಾಸದಂತೆ ೧೯೧೩ರಲ್ಲಿ ಹಿಲ್ ಸಭಾಮಂದಿರ ಸಿದ್ಧವಾಯಿತು. ಅದರ ಒಳಗೋಡೆ, ಮಾಳಿಗೆಗಳನ್ನು ಬಾಗಿದ ಚಿಪ್ಪಿನಂತೆ ಕಟ್ಟಿರುವುದರಿಂದ ವೇದಿಕೆಯ ಮೇಲಣ ಮೆಲುದನಿ ಕೂಡ ಕಟ್ಟಕಡೆಯ ಸಾಲಿಗೆ ಸ್ಪಷ್ಟವಾಗಿ ಕೇಳುವುದು. ಆಗ ಊರಿನ ಜನಸಂಖ್ಯೆ ಸುಮಾರು ೧೫ ಸಾವಿರ. ಮಂದಿರದಲ್ಲಿದ್ದ ಆಸನಗಳು ೪ ಸಾವಿರಕ್ಕೂ ಮಿಗಿಲು. ಊರಿನ ಕಾಲುಭಾಗಕ್ಕಿಂತ ಹೆಚ್ಚು ಜನ ಒಂದೇ ಸಲ ಕುಳಿತುಕೊಳ್ಳಬಹುದಾದ ಕಟ್ಟಡವದು. ಅಷ್ಟು ದೊಡ್ಡದನ್ನು ಕಟ್ಟುವ ಧೈರ್ಯ ಎಲ್ಲಿಂದ ಬಂತು? ಹಾಡುವ ಊರು ಮೊದಲೇ ಇದ್ದುದರಿಂದ ಬಂತು. ಅಲ್ಲಿ ಜನರಿದ್ದರು, ಆ ಮೇಲೆ ಮಂದಿರ ಬಂದಿತು. ನಾವಾದರೋ ಅನೇಕ ವೇಳೆ ಮಂದಿರವನ್ನು ಮೊದಲು ಕಟ್ಟಿ, ಜನ ಏಕೆ ಬರಲಿಲ್ಲವೆಂದು ಆ ಮೇಲೆ ಯೋಚಿಸುತ್ತೇವೆ.

ಎರಡನೆಯ ಊರು ಉತ್ತರ ಡಕೋಟಾ ಸಂಸ್ಥಾನದ ಫಾರ್ಗೋ. ಆನ್ ಆರ್ಬರಿನಲ್ಲಿ ಊರೇ ವಿಶ್ವವಿದ್ಯಾನಿಲಯದ ಬಾಗಿಲಲ್ಲಿತ್ತು. ಇಲ್ಲಿ ಹಾಗಲ್ಲ. ಕಣ್ಣು ಹರಿಯುವವರೆಗೆ ಗೋಧಿಯ ಬಯಲು, ಮೈಲಿಗೊಂದು ಒಕ್ಕಲುಮನೆ, ತಿಂಗಳುಗಟ್ಟಲೆ ಹಿಮ. ನಾರ್ವೆ, ಜರ್ಮನಿ, ಐಸ್‌ಲೆಂಡ್ ಮುಂತಾದ ದೇಶಗಳಿಂದ ಬಂದು ನೆಲೆಸಿದ್ದ ರೈತರು ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಒಂಟಿಯಾಗಿ ಬಾಳುತ್ತಿದ್ದರು. ತರುಣರಿಗೆ ಹಳ್ಳಿಯ ಬೇಸರ ಸಹಿಸದೆ, ಅವರು ಪಟ್ಟಣಕ್ಕೆ ಓಡುತ್ತಿದ್ದರು. ಆ ಊರಿನ ವ್ಯವಸಾಯ ಕಾಲೇಜಿಗೆ ೧೯೦೭ರಲ್ಲಿ ಬಂದ ಆಲ್ಫ್ರೆಡ್ ಆರ್ವೋಲ್ಡ್ ಎಂಬ ಅಧ್ಯಾಪಕರಿಗೆ ಒಂದು ಯೋಚನೆ ಹೊಳೆಯಿತು. ಒಳ್ಳೆಯ ಬೀಜವನ್ನು ಹೇಗೆ ಬಿತ್ತಬೇಕೆಂದು ಹಳ್ಳಿಗೆ ತಿಳಿಸುವುದು ಕಾಲೇಜಿನ ಕರ್ತವ್ಯವಾದರೆ, ದೀರ್ಘವಾದ ಚಳಿಗಾಲದ ಸಂಜೆಯನ್ನು ಹೇಗೆ ಕಳೆಯಬೇಕೆಂದು ತಿಳಿಸುವುದೂ ಅದರ ಕರ್ತವ್ಯವಲ್ಲವೆ?

ಕಾಲೇಜಿನ ಹಳೆಯ ಕಟ್ಟಡದ ಮಹಡಿಯಲ್ಲಿ ಮಂಕುಹಿಡಿದಿದ್ದ ಪ್ರಾರ್ಥನಾ ಮಂದಿರವೊಂದಿತ್ತು. ಅದನ್ನು ಮಾರ್ಪಡಿಸಿ ೧೯೧೪ರ ಫೆಬ್ರವರಿಯಲ್ಲಿ ಆರ್ವೋಲ್ಡರು ‘ಲಿಟ್ಲ್ ಕಂಟ್ರಿ ಥಿಯೇಟರ್’, ಎಂದರೆ ‘ಹಳ್ಳಿಯ ಪುಟ್ಟ ನಾಟಕಶಾಲೆ’ಯನ್ನು ತೆರೆದರು. ಅದರಲ್ಲಿ ಆಸನಗಳು ೨೦೦. ವೇದಿಕೆಯ ಅಗಲ ೩೦ ಅಡಿ, ಆಳ ೨೦ ಅಡಿ. ಇದಕ್ಕಿಂತ ದೊಡ್ಡದನ್ನು ಮಾಡಲಾಗದೆ ಹೀಗೆ ಮಾಡಿದರೆಂದು ಭಾವಿಸಬಾರದು. ಹಳ್ಳಿಯ ಸಾಧಾರಣ ಸಭಾಗೃಹದ ಅಳತೆಗೇ ಅದನ್ನು ಬೇಕೆಂದು ಇಟ್ಟಿದ್ದರು. ಇಲ್ಲಿ ನಾಟಕವಾಡಿ ಕಲಿತ ರೈತನ ಮಗ ಊರಿಗೆ ಹಿಂದಿರುಗಿದಾಗ, ಶಾಲೆಯ ಕೊಠಡಿಯಲ್ಲಾಗಲಿ, ಚರ್ಚಿನ ನೆಲಮಾಳಿಗೆಯಲ್ಲಾಗಲಿ, ಹುಲ್ಲು ತುಂಬುವ ಅಟ್ಟದ ಮೇಲಾಗಲಿ ಅದೇ ನಾಟಕವನ್ನು ಅದೇ ಬಗೆಯಲ್ಲಿ ಆಡಲು ಸಾಧ್ಯವಾಗಬೇಕು ಎಂಬುದು ಅವರ ಲೆಕ್ಕ. ಪರದೆಗಳು ಸರಳ, ದೀಪಗಳು ಸರಳ. ನಾಟಕ ಬೇಕೆಂದು ಸಂಸ್ಥಾನದ ಯಾವ ಮೂಲೆಯಿಂದ ಕಾಗದ ಬಂದರೂ, ನಾಟಕದ ಪ್ರತಿಗಳನ್ನೂ ಉಪಯುಕ್ತವಾದ ಕಿರುಹೊತ್ತಿಗೆಗಳನ್ನೂ ಕಟ್ಟುಕಟ್ಟಿ ಅಂಚೆಯಲ್ಲಿ ಕಳುಹಿಸಿಕೊಡುತ್ತಿದ್ದರು. ಓದಿ, ಆಡಿ, ಹಿಂದಿರುಗಿಸುವುದು ಹಳ್ಳಿಯವರ ಕೆಲಸ. ಅದೇ ೧೯೧೪ರಲ್ಲಿ, ಕಾಲೇಜಿನ ವ್ಯವಸಾಯ ಜ್ಞಾನವನ್ನು ಹೊಲದ ಬದುವಿನವರೆಗೆ ಒಯ್ಯುವುದಕ್ಕಾಗಿ ಅಮೆರಿಕದ ಕೇಂದ್ರ ಸರ್ಕಾರ ಶಾಸನವೊಂದನ್ನು ಮಾಡಿತು. ಶಾಸನವು ಬೀಜ ಗೊಬ್ಬರಗಳಿಗೆ ಯಾವ ಹಾದಿಯನ್ನು ಹಾಕಿಕೊಟ್ಟಿತೋ ಅದೇ ಹಾದಿಯಲ್ಲಿ ಆರ್ವೋಲ್ಡರು ನಾಟಕವನ್ನು ನಡೆಸಿದರು. ಊರನ್ನು ಮಂದಿರಕ್ಕೆ ಕರೆತರುವುದಷ್ಟೇ ಅಲ್ಲ, ಮಂದಿರವನ್ನು ಊರಿಗೆ ಕಳುಹಿಸುವುದೂ ಸಾಧ್ಯವೆಂದು ಫಾರ್ಗೋ ತೋರಿಸಿಕೊಟ್ಟಿತು.

ಮೂರನೆಯ ಊರು ದಕ್ಷಿಣದ ಚಾಪಲ್ ಹಿಲ್. ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದ ಸ್ಥಾನ. ಉತ್ತರ ಡಕೋಟಾದಲ್ಲಿಯೇ ಮತ್ತೊಂದು ವಿಶ್ವವಿದ್ಯಾನಿಲಯದಲ್ಲಿ ನಾಟಕದ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ಕಾಕ್ ೧೯೧೮ರಲ್ಲಿ ಇಲ್ಲಿಗೆ ಬಂದು ‘ಕೆರೊಲಿನಾ ಪ್ಲೇಮೇಕರ್ಸ್’ ಎಂಬ ತಂಡವನ್ನು ಕಟ್ಟಿದರು. ಅವರು ವಿದ್ಯಾರ್ಥಿಗಳಿಗೆ ಕೊಟ್ಟ ಉಪದೇಶದ ಸಾರ ಇಷ್ಟೆ: ನೀವು ಕಂಡ ಜನರನ್ನು ಕುರಿತು ಬರೆಯಿರಿ. ಬೆಸ್ತರು, ಬೆಟ್ಟದ ಮೇಲಣ ಬಡವರು, ಹೊಗೆಸೊಪ್ಪಿನ ಹೊಲದಲ್ಲಿ ಗೇಣಿಗೆ ದುಡಿಯುವ ಒಕ್ಕಲುಗಳು, ಇವರ ಆಡುಮಾತೇ ವೇದಿಕೆಗೆ ಬಂದಿತು. ೧೯೧೯ರ ಮಾರ್ಚಿಯಲ್ಲಿ ಮೊದಲ ಪ್ರದರ್ಶನ ನಡೆದದ್ದು ಊರಿನ ಪ್ರೌಢಶಾಲೆಯಲ್ಲಿ. ಆ ರಾತ್ರಿ ತಾನೇ ಬರೆದ ಕಿರುನಾಟಕದಲ್ಲಿ ಮುಖ್ಯ ಪಾತ್ರ ವಹಿಸಿದ ಹುಡುಗ, ಮುಂದೆ ಕಾದಂಬರಿಕಾರನೆಂದು ಹೆಸರಾದ ಥಾಮಸ್ ವುಲ್ಫ್.

೧೯೨೫ರಲ್ಲಿ ಅವರಿಗೆ ಸ್ವಂತ ರಂಗಮಂದಿರ ದೊರೆಯಿತು. ಅದು ಹಿಂದಿನ ಶತಮಾನದ ನಡುವೆ ಕಟ್ಟಿ, ಪುಸ್ತಕ ಭಂಡಾರವಾಗಿಯೂ ನರ್ತನಶಾಲೆಯಾಗಿಯೂ ಬಳಸಿದ್ದ ಸ್ಮಿತ್ ಹಾಲ್. ನೋಡಲು ಗ್ರೀಕರ ದೇವಾಲಯದಂತಿದೆ. ಆದರೆ ಕಂಬಗಳ ತಲೆಯಲ್ಲಿ ಗ್ರೀಕರು ಕೆತ್ತುತ್ತಿದ್ದ ಅಕಾಂಥಸ್ ಎಲೆಗೆ ಬದಲಾಗಿ ಆ ಸೀಮೆಯ ಮುಸುಕಿನ ಜೋಳದ ಮತ್ತು ಗೋಧಿಯ ತೆನೆಗಳನ್ನು ಕೆತ್ತಿದ್ದಾರೆ. ಕಾಕರ ತಂಡ ಅಲ್ಲಿ ಮಾಡಿದ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಗುರುತು ಬೇರೆ ಬೇಕಿರಲಿಲ್ಲ. ತಂಡವು ಮೋಟಾರು ಬಸ್ಸಿನಲ್ಲಿ ಪರದೆ ದೀಪಗಳನ್ನು ಹೇರಿಕೊಂಡು ಸಂಸ್ಥಾನವನ್ನೆಲ್ಲ ಸುತ್ತಿತು. ಇದೇ ಪರಂಪರೆಯಲ್ಲಿ ಬೆಳೆದ ಪಾಲ್ ಗ್ರೀನ್ ೧೯೩೭ರಲ್ಲಿ ‘ದಿ ಲಾಸ್ಟ್ ಕಾಲೊನಿ’ ಎಂಬ ನಾಟಕವನ್ನು ಬರೆದರು. ೧೫೮೭ರಲ್ಲಿ ರೋನೋಕ್ ದ್ವೀಪಕ್ಕೆ ಬಂದಿಳಿದು ಆ ಬಳಿಕ ಸುಳಿವಿಲ್ಲದೆ ಕಣ್ಮರೆಯಾದ ಆಂಗ್ಲ ವಲಸೆಗಾರರ ಕಥೆಯದು. ಅದೇ ದ್ವೀಪದಲ್ಲಿ, ನೀರಿನ ಅಂಚಿನ ಬಯಲು ರಂಗದಲ್ಲಿ ಅದನ್ನು ಆಡಿದರು. ನಾಟಕಕಾರನನ್ನೂ ನಿರ್ದೇಶಕನನ್ನೂ ಕೆಲವು ನಟರನ್ನೂ ವಿಶ್ವವಿದ್ಯಾನಿಲಯ ಒದಗಿಸಿತು; ಮಿಕ್ಕ ಪಾತ್ರಗಳಲ್ಲಿ ದ್ವೀಪದವರೇ ನಿಂತರು. ಒಂದು ಬೇಸಗೆಗೆಂದು ಏರ್ಪಾಡಾದದ್ದು, ಮಹಾಯುದ್ಧದಂಥ ಕಾರಣಗಳಿಂದ ನಿಂತ ಕೆಲವು ವರ್ಷಗಳ ಹೊರತು, ಇಂದಿಗೂ ಪ್ರತಿ ಬೇಸಗೆಯಲ್ಲಿ ನಡೆಯುತ್ತಿದೆ.

ಇಷ್ಟು ಕೇಳಿದ ಮೇಲೆ ಚಾಪಲ್ ಹಿಲ್ಲಿನಲ್ಲಿ ಕೊರತೆಯೇ ಇರಲಿಲ್ಲವೆಂದು ತೋರಬಹುದು. ಆದರೆ ಇಲ್ಲಿ ತಡೆದು ನಿಂತು ಒಂದು ಮಾತನ್ನು ವಿಚಾರ ಮಾಡಬೇಕು. ಪಾಲ್ ಗ್ರೀನರಿಗೆ ೧೯೨೭ರಲ್ಲಿ ಪುಲಿಟ್ಸರ್ ಬಹುಮಾನವನ್ನು ತಂದುಕೊಟ್ಟ ‘ಇನ್ ಏಬ್ರಹ್ಯಾಮ್ಸ್ ಬೂಸಮ್’ ಎಂಬ ನಾಟಕದ ನಾಯಕ ಕಪ್ಪು ಜನಾಂಗದವನು. ತನ್ನವರ ಮಕ್ಕಳಿಗೆ ಒಂದು ಶಾಲೆಯನ್ನು ತೆರೆಯಬೇಕೆಂದು ಹೋರಾಡಿ ಹೋರಾಡಿ ಸೋತವನು. ಅದನ್ನು ಬರೆದಾತ ಆ ವಿಶ್ವವಿದ್ಯಾನಿಲಯದಲ್ಲಿಯೇ ತತ್ತ್ವಶಾಸ್ತ್ರದ ಅಧ್ಯಾಪಕ. ಆ ವಿಶ್ವವಿದ್ಯಾನಿಲಯವಾದರೋ ಕಪ್ಪು ಜನರನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ೧೯೪೦ರ ಬೇಸಗೆಯಲ್ಲಿ ರಿಚರ್ಡ್ ರೈಟ್ ಎಂಬ ಕಪ್ಪು ಜನಾಂಗದ ಹೆಸರಾಂತ ಲೇಖಕರು ಚಾಪಲ್ ಹಿಲ್ಲಿಗೆ ಬಂದು, ಗ್ರೀನರೊಡನೆ ಕುಳಿತು ತಮ್ಮ ‘ನೇಟಿವ್ ಸನ್’ ಕಾದಂಬರಿಯನ್ನು ನಾಟಕವಾಗಿ ಮಾರ್ಪಡಿಸಿದರು. ಅಲ್ಲಿ ಕುಳಿತು ಬರೆಯಲು ಅವರಿಗೆ ಅವಕಾಶವಿತ್ತು. ಅಲ್ಲಿ ಓದಲು ಅವರ ಜನಕ್ಕೆ ಅವಕಾಶವಿರಲಿಲ್ಲ. ನ್ಯಾಯಾಲಯದ ತೀರ್ಪಿನ ತರುವಾಯ ೧೯೫೧ರಲ್ಲಿ ಕಾನೂನಿನ ತರಗತಿಯ, ೧೯೫೫ರಲ್ಲಿ ಪದವಿಯ ತರಗತಿಗಳ ಬಾಗಿಲು ತೆರೆಯಿತು. ಜನರ ಬಾಳನ್ನು ವೇದಿಕೆಯ ಮೇಲೆ ತೋರಿಸುವುದು ಬೇರೆ, ಆ ಜನರನ್ನು ಒಳಗೆ ಬರಗೊಡುವುದು ಬೇರೆ. ಮೊದಲನೆಯದನ್ನು ಮಾಡಿ ಎರಡನೆಯದನ್ನೂ ಮಾಡಿದೆವೆಂದು ತೃಪ್ತಿಪಟ್ಟುಕೊಳ್ಳುವುದು ವಿದ್ಯಾವಂತರಿಗೆ ಬಹಳ ಸುಲಭ.

ಇದೇ ಮಾತು ಇನ್ನೂ ನಿಷ್ಠುರವಾಗಿ ಹೊರಬಿದ್ದದ್ದು ನಾಲ್ಕನೆಯ ಊರಿನಲ್ಲಿ, ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ. ಅಲ್ಲಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾನಿಲಯಕ್ಕೆ ಅಬ್ರಾಮ್ ಲಿಸ್ನರ್ ಎಂಬ ವರ್ತಕರ ದತ್ತಿಯಿಂದ ಸುಮಾರು ೧,೫೦೦ ಆಸನಗಳ ಸಭಾಮಂದಿರವೊಂದು ಸಿದ್ಧವಾಯಿತು. ೧೯೪೬ರ ಅಕ್ಟೋಬರಿನಲ್ಲಿ ಪ್ರಸಿದ್ಧ ನಟಿ ಇಂಗ್ರಿಡ್ ಬರ್ಗ್‌ಮನ್ ಅಲ್ಲಿ ‘ಜೋನ್ ಆಫ್ ಲೊರೇನ್’ ಎಂಬ ನಾಟಕದಲ್ಲಿ ಅಭಿನಯಿಸಲು ಬಂದರು. ಕಪ್ಪು ಜನರಿಗೆ ಒಳಗೆ ಪ್ರವೇಶವಿಲ್ಲವೆಂಬುದು ತಿಳಿದಾಗ ಅವರು ಪತ್ರಿಕೆಯವರ ಮುಂದೆ ತಮ್ಮ ಅಸಮಾಧಾನವನ್ನು ಬಹಿರಂಗವಾಗಿ ಹೇಳಿದರು. ಯುದ್ಧದಿಂದ ಹಿಂದಿರುಗಿದ್ದ ಸೈನಿಕರೂ ವಿದ್ಯಾರ್ಥಿಗಳೂ ಬಾಗಿಲಲ್ಲಿ ನಿಂತು ಪ್ರತಿಭಟಿಸಿದರು. ಈ ನಾಟಕದ ವಸುವೇ ವಿಚಿತ್ರ. ಸಂತ ಜೋನಳ ಪಾತ್ರವನ್ನು ಅಭ್ಯಾಸ ಮಾಡುತ್ತಿರುವ ನಟಿಯೊಬ್ಬಳು, ಒಳ್ಳೆಯ ಕಾರ್ಯವನ್ನು ಸಾಧಿಸುವುದಕ್ಕಾಗಿ ಕೆಟ್ಟದ್ದರೊಡನೆ ಎಷ್ಟರಮಟ್ಟಿಗೆ ರಾಜಿಯಾಗಬಹುದು ಎಂದು ನಿರ್ದೇಶಕನೊಡನೆ ವಾದಿಸುವುದೇ ಅದರ ಕಥೆ. ಒಳಗೆ ವೇದಿಕೆಯ ಮೇಲೆ ನಡೆದ ವಾದವೇ ಹೊರಗೆ ಬೀದಿಯಲ್ಲಿಯೂ ನಡೆಯಿತು! ಮರುವರ್ಷ ವಿಶ್ವವಿದ್ಯಾನಿಲಯದ ಧರ್ಮದರ್ಶಿಗಳು ಸಾರ್ವಜನಿಕ ಪ್ರದರ್ಶನಗಳ ಮಟ್ಟಿಗೆ ಆ ತಡೆಯನ್ನು ತೆಗೆದುಹಾಕಿದರು. ತರಗತಿಗಳ ಬಾಗಿಲು ತೆರೆಯಲು ೧೯೫೪ನೆಯ ಇಸವಿಯೇ ಬರಬೇಕಾಯಿತು. ನಾವು ಗಮನಿಸತಕ್ಕ ಅಂಶವಿದು: ಊರಿಗೂ ವಿಶ್ವವಿದ್ಯಾನಿಲಯಕ್ಕೂ ನಡುವೆ ಇದ್ದ ಗೋಡೆಯಲ್ಲಿ ಮೊದಲು ತೆರೆದ ಬಾಗಿಲು ರಂಗಮಂದಿರದ ಬಾಗಿಲು. ಪಾಠದ ಕೊಠಡಿಯೊಳಗೆ ಏನು ನಡೆಯುವುದೆಂಬುದನ್ನು ಊರು ಕಾಣದು. ಸಭಾಮಂದಿರದ ಬಾಗಿಲಲ್ಲಿ ಯಾರನ್ನು ತಡೆದರೆಂಬುದನ್ನು ಮಾತ್ರ ಎಲ್ಲರೂ ಕಾಣುವರು.

ಈ ನಾಲ್ಕು ವೃತ್ತಾಂತಗಳಿಂದ ನಾವು ತಿಳಿಯತಕ್ಕದ್ದೇನು? ರಂಗಮಂದಿರಕ್ಕೂ ಊರಿಗೂ ಇರುವ ಬಾಂಧವ್ಯವು ಟಿಕೆಟಿನಿಂದ ಹುಟ್ಟುವುದಲ್ಲ, ಕೆಲಸದಲ್ಲಿನ ಪಾಲಿನಿಂದ ಹುಟ್ಟುವುದು ಎಂಬುದೊಂದು. ಆ ಪಾಲು ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬುದನ್ನು ಪದೇ ಪದೇ ಕೇಳಿಕೊಳ್ಳದಿದ್ದರೆ ಒಳ್ಳೆಯ ಉದ್ದೇಶವೂ ಅರ್ಧದಲ್ಲಿಯೇ ನಿಲ್ಲುವುದು ಎಂಬುದು ಮತ್ತೊಂದು.

ಇನ್ನು ನಮ್ಮ ನಾಡಿನ ಮಾತು. ಇಂಥ ಪ್ರಯತ್ನ ನಮ್ಮಲ್ಲಿ ಹೊಸದೇನೂ ಅಲ್ಲ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠಲ ವಿಹಾರ’ದಲ್ಲಿ ಒಂದು ಸಣ್ಣ ಪ್ರೇಷಕ ಯಂತ್ರವನ್ನಿಟ್ಟುಕೊಂಡು ಬಾನುಲಿ ನಿಲಯವನ್ನು ಆರಂಭಿಸಿದರಷ್ಟೆ. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಗೋಡೆಯೂ ಆಸನವೂ ಇಲ್ಲದ ರಂಗಮಂದಿರವೆಂದು ಅದನ್ನು ಕರೆಯಬಹುದು. ಅಧ್ಯಾಪಕರ ಮನೆಯ ಕೋಣೆಯೊಂದು ಊರಿನ ಸಂಗೀತ ಸಾಹಿತ್ಯಗಳ ವೇದಿಕೆಯಾಯಿತು. ಆ ವೇದಿಕೆಯ ಮುಂದೆ ಕುಳಿತುಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಬಾನುಲಿ ಯಂತ್ರವೊಂದು ಹತ್ತಿರವಿದ್ದರೆ ಸಾಕಾಗಿತ್ತು.

ಉಡುಪಿಯ ಉದಾಹರಣೆ ಇನ್ನೂ ಸಮೀಪವಾದುದು. ಅಲ್ಲಿನ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ, ಕು. ಶಿ. ಹರಿದಾಸ ಭಟ್ಟರ ಮತ್ತು ಶಿವರಾಮ ಕಾರಂತರ ಶ್ರಮದಿಂದ ೧೯೭೧ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಬಯಲಿನಲ್ಲಿ ರಾತ್ರಿಯೆಲ್ಲ ಮದ್ದಳೆ ನುಡಿಸಿ ಹೆಸರಾಗಿದ್ದ ಹಿರಿಯಡಕ ಗೋಪಾಲರಾಯರಂಥವರು ಅಲ್ಲಿ ಗುರುಗಳಾದರು. ಇದರ ಅರ್ಥವನ್ನು ನಾವು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಕಾಲೇಜು ಹಳ್ಳಿಯ ಕಲಾವಿದನನ್ನು ಒಂದು ಸಂಜೆ ಕರೆಸಿ, ಹಾರ ಹಾಕಿ, ಕಳುಹಿಸಿಕೊಡಲಿಲ್ಲ. ಆತನನ್ನು ಗುರುಪೀಠದಲ್ಲಿ ಕುಳ್ಳಿರಿಸಿತು. ಹಾರ ಹಾಕಿಸಿಕೊಂಡವನು ಮರುದಿನಕ್ಕೆ ಅತಿಥಿಯೇ. ಪಾಠ ಹೇಳುವವನು ಮನೆಯವನು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯವುಂಟು. ಹಳ್ಳಿಗಳಿಂದ ತಂದ ತೊಗಲುಬೊಂಬೆಗಳನ್ನೂ ವೇಷಭೂಷಣಗಳನ್ನೂ ಅಲ್ಲಿ ಕಾಪಾಡಿಟ್ಟಿದ್ದಾರೆ. ಅದೇ ಆವರಣದಲ್ಲಿ ಬಯಲು ರಂಗಮಂದಿರವೂ ಉಂಟು. ದಸರೆಯ ‘ಯುವ ಸಂಭ್ರಮ’ದ ಸಂಜೆಗಳಲ್ಲಿ ಅದು ಕಿಕ್ಕಿರಿದು ತುಂಬುವುದನ್ನು ನಾವೆಲ್ಲ ಬಲ್ಲೆವು. ವಸ್ತುಸಂಗ್ರಹಾಲಯ ಬಹಳ ಬೆಲೆಯುಳ್ಳದ್ದು, ನಿಜ. ಆದರೂ ಗಾಜಿನ ಹಿಂದಣ ಬೊಂಬೆಗೂ, ದೀಪದ ಮುಂದೆ ಅದನ್ನು ಕುಣಿಸುವ ಕೈಗೂ ನಡುವೆ ಇರುವ ದೂರವನ್ನು ಕಳೆಯಬೇಕಾದುದು ರಂಗಮಂದಿರ. ಹಬ್ಬದ ದಿನಗಳಲ್ಲಿ ತೆರೆಯುವ ಬಾಗಿಲು ಸಾಧಾರಣ ದಿನಗಳಲ್ಲಿಯೂ ತೆರೆದಿದ್ದರೆ ಮಾತ್ರ ಆ ದೂರ ಕಳೆಯುವುದು.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಊರಿನವರಿಗೆ ಬಿಟ್ಟುಕೊಟ್ಟರೆ ಕಟ್ಟಡ ಹಾಳಾಗುವುದು, ಪರೀಕ್ಷೆಯ ಕಾಲಕ್ಕೆ ಗದ್ದಲವಾಗುವುದು, ಕಲೆಯ ಮಟ್ಟ ಇಳಿಯುವುದು ಎಂದು ಹೇಳುವವರುಂಟು. ಮೊದಲಿನ ಎರಡಕ್ಕೂ ಒಂದು ಒಳ್ಳೆಯ ದಿನಚರಿ ಪುಸ್ತಕವೂ ಇಬ್ಬರು ನೆಚ್ಚಿನ ನೌಕರರೂ ಇದ್ದರೆ ಪರಿಹಾರವಾದೀತು. ಬಳಸದೆ ಬೀಗ ಹಾಕಿದ ಕಟ್ಟಡ ಬೇಗ ಹಾಳಾಗುವುದು ಎಲ್ಲರೂ ಕಂಡದ್ದೆ. ಮಟ್ಟದ ಮಾತಿಗೆ ಆನ್ ಆರ್ಬರಿನ ಅನುಭವವೇ ಉತ್ತರ. ಅಲ್ಲಿ ಊರಿನವರೂ ವಿದ್ಯಾರ್ಥಿಗಳೂ ಸೇರಿ ಹಾಡಿದ್ದು ಸುಲಭವಾದ ಹಾಡುಗಳನ್ನಲ್ಲ, ಕಷ್ಟಸಾಧ್ಯವಾದ ಮಹಾಕೃತಿಯನ್ನು. ಮಟ್ಟವು ಅಭ್ಯಾಸದಿಂದ ಏರುವುದೇ ಹೊರತು ಜನರನ್ನು ಹೊರಗಿಡುವುದರಿಂದ ಏರುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಯೋಜನೆಗಳನ್ನು ನಾವು ಸೂಚಿಸುವುದಿಲ್ಲ. ತಿಂಗಳಲ್ಲಿ ನಾಲ್ಕು ಸಂಜೆಗಳನ್ನಾದರೂ ಊರಿನ ಹವ್ಯಾಸಿ ತಂಡಗಳಿಗೂ ಭಜನಾ ಮಂಡಲಿಗಳಿಗೂ ಹತ್ತಿರದ ಹಳ್ಳಿಯ ಮೇಳಗಳಿಗೂ ಅವರ ಕೈಗೆಟಕುವ ಬಾಡಿಗೆಗೆ ಮೀಸಲಿಡಬಹುದು. ಪರದೆ ಬರೆಯುವವನು, ಬಣ್ಣ ಹಚ್ಚುವವನು, ಹಾರ್ಮೋನಿಯಂ ನುಡಿಸುವವನು, ಹಳೆಯ ನಾಟಕ ಕಂಪೆನಿಗಳಲ್ಲಿ ದುಡಿದವನು, ಇಂಥವರನ್ನು ಹುಡುಕಿ ವಿದ್ಯಾರ್ಥಿಗಳಿಗೆ ಗುರುಗಳನ್ನಾಗಿ ಗೊತ್ತುಮಾಡಬಹುದು. ವರ್ಷಕ್ಕೆ ಒಂದೆರಡು ಸಲ ಕಾಲೇಜಿನ ನಾಟಕವೇ ಹಳ್ಳಿಗೆ ಹೋಗಬಹುದು. ಆರ್ವೋಲ್ಡರ ಲೆಕ್ಕದಂತೆ ಶಾಲೆಯ ಕೊಠಡಿಗೆ ಹಿಡಿಸುವಷ್ಟೇ ಸಾಮಾನನ್ನು ಜೊತೆಯಲ್ಲಿ ಒಯ್ಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರದರ್ಶನ ಮುಗಿದ ಮೇಲೆ ಎಷ್ಟು ಜನ ಬಂದಿದ್ದರೆಂದು ಲೆಕ್ಕಹಾಕುವ ನಾವು, ಯಾವ ಕೇರಿಯಿಂದ ಯಾರೂ ಬರಲಿಲ್ಲವೆಂಬುದನ್ನೂ ಲೆಕ್ಕ ಹಾಕಬೇಕು. ಬಾರದಿರಲು ಟಿಕೆಟಿನ ಬೆಲೆ ಕಾರಣವಾಗಿರಬಹುದು. ರಾತ್ರಿ ಹಿಂದಿರುಗಲು ಬಸ್ಸಿಲ್ಲದಿರುವುದು ಕಾರಣವಾಗಿರಬಹುದು. ಇದು ನಮ್ಮಂಥವರಿಗಲ್ಲ ಎಂಬ ಸಂಕೋಚವೇ ಕಾರಣವಾಗಿರಬಹುದು. ಮೊದಲಿನ ಎರಡನ್ನು ಹಣದಿಂದ ಸರಿಪಡಿಸಬಹುದು. ಮೂರನೆಯದನ್ನು ಸರಿಪಡಿಸಲು ನಾವೇ ಆ ಕೇರಿಗೆ ಹೋಗಿ ಕರೆಯಬೇಕು.

ವಿಶ್ವವಿದ್ಯಾನಿಲಯ ಊರಿನಿಂದ ಪಡೆಯುವುದು ಬಹಳ: ನೆಲ, ನೀರು, ತೆರಿಗೆಯ ಹಣ, ಕಡೆಗೆ ಊರಿನ ಮಕ್ಕಳನ್ನೇ. ಪದವಿಯ ರೂಪದಲ್ಲಿ ಅದು ಹಿಂದಕ್ಕೆ ಕೊಡುವುದು ಕೆಲವರಿಗೆ ಮಾತ್ರ ದಕ್ಕುವುದು. ಪದವಿಗೆ ಎಟಕದ ಮಿಕ್ಕ ಜನರಿಗೂ ಪಾಲು ಕೊಡಬಹುದಾದ ಒಂದು ಕಟ್ಟಡ ಅದರ ಬಳಿಯಲ್ಲಿದೆ. ಆ ಬೀಗದ ಕೈಗೆ ಇನ್ನೊಂದು ಪ್ರತಿಯನ್ನು ಮಾಡಿಸಿ ಊರಿನವರ ಕೈಯಲ್ಲಿಡುವುದಕ್ಕೆ ಹೆಚ್ಚು ವೆಚ್ಚವಾಗದು.